ಒಳಗೆ ಬಿಟ್ಟ ಅರ್ಧ ಇಂಚು

ಜೂನ್ 2

ಅಕ್ಕಾ,

ತಲುಪಿದೆ. ಇಲ್ಲಿ ಸುರಂಗ ಕೊರೆಯುವ ಯಂತ್ರದ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಕ್ಯಾಂಪಿನ ಔಷಧಿ ಉಗ್ರಾಣಕ್ಕೆ ನಾನು ಯಜಮಾನಿ, ಅಂದರೆ ಬೀಗ ತೆಗೆಯುವುದು ಮತ್ತು ಬೀಗ ಹಾಕುವುದು. ಮೊಬೈಲು ಇಲ್ಲಿ ಟಾರ್ಚಿಗೆ ಮಾತ್ರ ಉಪಯೋಗ. ಮ್ಯಾನೇಜರ ಮೇಜಿನ ಮೇಲೆ ಒಂದು ಫೋನಿದೆ, ಜೀವಕ್ಕೆ ಕುತ್ತು ಬಂದಾಗ ಮಾತ್ರ ಮುಟ್ಟಬೇಕಂತೆ; ನಂಬರು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ತರಕಾರಿ ಗಾಡಿಯ ಜೊತೆ ವಾರಕ್ಕೊಮ್ಮೆ ಟಪಾಲು ಬರುತ್ತದೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೆ ಜಗಳಕ್ಕೆ ಬಿದ್ದು ಮೂರನೇ ಮಾತಿಗೆ ಇಟ್ಟುಬಿಡುತ್ತೇವೆ.

ದೊರೆಯನ್ನು ನಿನ್ನ ಬಾಗಿಲಲ್ಲಿ ಬುಟ್ಟಿ ಸಮೇತ ಇಳಿಸಿ ಓಡಿಬಂದೆ, ತಪ್ಪು ತಿಳಿಯಬೇಡ. ಬಸ್ಸಿಗೆ ಹೊತ್ತಾಗಿತ್ತು. ನವೆಂಬರಿನವರೆಗೆ ಅವನು ನಿನ್ನ ಪಾಲಿಗೆ. ಅವನಿಗೆ ಹತ್ತು ವರ್ಷ, ಸಕ್ಕರೆ ಕಾಯಿಲೆ ಗೊತ್ತಾಗಿ ಎರಡೇ ತಿಂಗಳು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಊಟ. ಡಬ್ಬಿಯಲ್ಲಿ ಬರುವ ವೆಟ್ ಫುಡ್ ಮಾತ್ರ, ಹೊತ್ತಿಗೆ ಒಂದು ಡಬ್ಬಿ. ತಿಂದ ಮೇಲೆ ಹೆಗಲ ಹತ್ತಿರ ಚರ್ಮ ಎತ್ತಿ ಎರಡು ಯೂನಿಟ್ ಇನ್ಸುಲಿನ್. ಬೆಳಗಿನ ಊಟಕ್ಕೆ ಮುಂಚೆ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಮೀಟರಿನಲ್ಲಿ ನೋಡು, ಅಂಕಿ ಬರೆದಿಡು. ಬುಟ್ಟಿಯ ತಳದಲ್ಲಿ ಹಳೆಯ ಡ್ರೈ ಫುಡ್ ಚೀಲ ಉಳಿದುಬಿಟ್ಟಿದೆ, ಅವಸರದಲ್ಲಿ ತೆಗೆಯಲು ಮರೆತೆ. ಅದನ್ನು ಎಸೆದುಬಿಡು. ಆ ಕಾಳಿನಲ್ಲಿ ಬರೀ ಹಿಟ್ಟು, ಅವನ ಮೈಗೆ ಅದೇ ಸಕ್ಕರೆ. ಒಂದು ಕಾಳೂ ಬೇಡ ಅಕ್ಕಾ, ಅವನು ಎಷ್ಟೇ ಅತ್ತರೂ.

ಅವನು ಅಮ್ಮನ ಬೆಕ್ಕು, ಅದನ್ನು ನಿನಗೆ ಹೇಳಬೇಕಾಗಿಲ್ಲ. ಅಮ್ಮನದು ಅಂತ ಉಳಿದಿರುವುದು ಅವನೊಬ್ಬನೇ. ಬೇರೆ ವಿಷಯ ಬರೆಯಬೇಡ, ಅವನ ವಿಷಯ ಬರಿ.

ನಿನ್ನ ತಂಗಿ


ಜೂನ್ 11

ಕಡ್ಡೀ,

ಆರು ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ. ಮಾತೂ ಬದಲಾಗಿಲ್ಲ, ಕಡ್ಡಿ ಮುರಿದ ಹಾಗೇ ಇದೆ. ನಿನಗೆ ಆ ಹೆಸರಿಟ್ಟ ಅಮ್ಮ ಸುಮ್ಮನೆ ಇಡಲಿಲ್ಲ.

ದೊರೆಯವರು ಕ್ಷೇಮ. ನನ್ನ ಹೊಲಿಗೆ ಅಂಗಡಿಗೆ ಬಂದ ಮೊದಲ ದಿನವೇ ಬಾಡಿಗೆ ವಸೂಲಿಗೆ ಬಂದವರಂತೆ ಮೂಲೆ ಮೂಲೆ ನೋಡಿದರು. ಕತ್ತರಿಸಿಟ್ಟ ಕೋಟಿನ ಬಟ್ಟೆಯ ಮೇಲೆ ಕೂತರು, ಎಬ್ಬಿಸಿದರೆ ನನ್ನನ್ನೇ ಅಪರಾಧಿಯ ಹಾಗೆ ನೋಡಿದರು. ಗುಂಡಿಗೆ ಕಾಜಾ ಹೊಲಿಯಲು ಬರುವ ನನ್ನ ಸಹಾಯಕಿ ಈಗ ಅವರ ಕಡೆಯವಳು. "ಅಕ್ಕೋರೆ, ಅವ್ರು ಎದ್ದ ಮೇಲೆ ಹೊಲಿಯೋಣ ಬಿಡಿ" ಅನ್ನುತ್ತಾಳೆ.

ನಲವತ್ತು ವರ್ಷ ಸೂಜಿ ಹಿಡಿದ ಕೈ ಇದು. ಆ ಕೂದಲೆಳೆಯಂಥ ಸೂಜಿಯನ್ನು ಮೊದಲ ದಿನ ಮೂರು ಸಲ ಎತ್ತಿ ಮೂರು ಸಲವೂ ಕೆಳಗಿಟ್ಟೆ. ಮೂರನೇ ದಿನಕ್ಕೆ ಸರಿಹೋಯಿತು. ದೊರೆಗೆ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಣ್ಣೀರು ನನಗೆ.

ಆದರೆ ಡಬ್ಬಿ ಊಟ ಅವರಿಗೆ ಹಿಡಿಸಿಲ್ಲ. ಮೇಲಿನ ರಸ ನೆಕ್ಕಿ, ಉಳಿದದ್ದಕ್ಕೆ ಮೂಗು ಮುರಿದು, ಬಟ್ಟಲಿನ ಸುತ್ತ ನೆಲ ಕೆರೆದು ಮುಚ್ಚುವ ನಾಟಕ ಆಡುತ್ತಾರೆ. ಆಮೇಲೆ ಶುರುವಾಗುತ್ತದೆ ತಿರುಗಾಟ. ಬಾಗಿಲಿನಿಂದ ಮೆಷಿನಿಗೆ, ಮೆಷಿನಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ನನ್ನ ಕಾಲಿಗೆ. ಜೊತೆಗೆ ಕೂಗು. ಅವರ ಜೊತೆ ನಾನೂ ತಿರುಗುತ್ತೇನೆ. ಈ ವಾರ ಎರಡು ತೋಳು ತಿರುಗುಮುರುಗು ಹೊಲಿದು ಬಿಚ್ಚಿದೆ.

ಚೀಲದ ಚಿಂತೆ ಬಿಡು. ಅಂಕಿಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಮಳೆಗಾಲದ ಬೂಟು ಇಟ್ಟುಕೊಂಡೆಯಾ?

ಅಕ್ಕ


ಜೂನ್ 20

ಅಕ್ಕಾ,

ಈ ಅಂಕಿಗಳು ಏನು? 372, 390, 405. ನಾನು ಬಿಟ್ಟುಬರುವಾಗ 290 ಇತ್ತು. ಡಬ್ಬಿ ಊಟಕ್ಕೆ ಬಂದ ಮೇಲೆ ಇಳಿಯಬೇಕು, ಏರುವುದಲ್ಲ.

ಇನ್ಸುಲಿನ್ ಫ್ರಿಜ್ಜಿನಲ್ಲೇ ಇದೆಯಾ? ಫ್ರೀಜರಿನ ಪಕ್ಕ ಇಟ್ಟಿಲ್ಲ ತಾನೇ? ಚರ್ಮದ ಒಳಗೇ ಹೋಗುತ್ತಿದೆಯಾ ಅಥವಾ ರೋಮದ ಮೇಲೆ ಸೋರುತ್ತಿದೆಯಾ? ಚುಚ್ಚಿದ ಮೇಲೆ ಮುಟ್ಟಿ ನೋಡು, ಒದ್ದೆ ಇದ್ದರೆ ಸೋರಿದೆ ಅಂತ. ಡಬ್ಬಿಯ ಮೇಲೆ ಏನು ಬರೆದಿದೆ ಓದಿ ಕಳಿಸು. ಅಂಗಡಿಗೆ ಬರುವ ಗಿರಾಕಿಗಳು ಯಾರಾದರೂ ಏನಾದರೂ ತಿನ್ನಿಸುತ್ತಿದ್ದಾರಾ?

ಉತ್ತರಕ್ಕೆ ಇನ್ನು ಒಂದು ವಾರ ಕಾಯಬೇಕು. ಉಗ್ರಾಣದಲ್ಲಿ ಎಣಿಸಿದ ಪೆಟ್ಟಿಗೆಯನ್ನೇ ಮತ್ತೆ ಎಣಿಸುತ್ತ ಓಡಾಡುತ್ತಿದ್ದೇನೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾಳೆಯೇ.

ತಂಗಿ


ಜುಲೈ 1

ಕಡ್ಡೀ,

ಹೋಗಿಬಂದೆ. ನೀನು ವಿಳಾಸ ಕೊಟ್ಟ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ದೊರೆ ಅವರ ಕೈ ಪರಚಿದ, ಅವರು ನಕ್ಕರು. ಇನ್ಸುಲಿನ್ ಸರಿ ಇದೆ, ಚುಚ್ಚುವುದೂ ಸರಿ ಇದೆ. "ಬೇರೆ ಏನಾದ್ರೂ ತಿಂತಾನಾ ಅಮ್ಮಾ?" ಅಂದರು. ಇಲ್ಲ ಅಂದೆ. ಇನ್ನೊಮ್ಮೆ ಅಂಕಿ ನೋಡಿ, ಹಾಗಾದರೆ ಎರಡು ಸಾಲದು, ಮೂರು ಯೂನಿಟ್ ಕೊಡಿ ಅಂದರು. ಈಗ ಮೂರು ಕೊಡುತ್ತಿದ್ದೇನೆ. ಅಂಕಿ ಸ್ವಲ್ಪ ಇಳಿದಿದೆ, 310, 298.

ನೀರು ಕುಡಿಯುವುದು ಕಡಿಮೆಯಾಗಿಲ್ಲ. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಾನೆ. ಕೂಗು ಕಡಿಮೆಯಾಗಿದೆ, ಅದೊಂದು ಸಮಾಧಾನ.

ಒಬ್ಬರು ಮೇಡಂ ಬರುತ್ತಾರೆ, ಶಾಲೆಯವರು, ಮಾತು ಜೋರು. ಕೋಟಿಗೆ ಸೊಂಟ ಮೂವತ್ತೆರಡೇ ಇರಬೇಕು ಎಂದು ಹಟ. ಟೇಪು ಹಿಡಿದರೆ ಉಸಿರು ಎಳೆದುಕೊಂಡು ನಿಲ್ಲುತ್ತಾರೆ. ನಾನು "ಹೂಂ ಮೇಡಂ, ಮೂವತ್ತೆರಡು" ಎಂದು ಬರೆದುಕೊಂಡು, ಕತ್ತರಿಸುವಾಗ ಅರ್ಧ ಇಂಚು ಸೇರಿಸುತ್ತೇನೆ. ಯಾವಾಗಲೂ ಹಾಗೇ, ಎಲ್ಲರಿಗೂ ಹಾಗೇ. ಒಬ್ಬರಿಗೂ ಹೇಳಿಲ್ಲ, ಒಬ್ಬರೂ ಬಿಗಿ ಎಂದು ವಾಪಸು ತಂದಿಲ್ಲ. ಜನರಿಗೆ ಉಸಿರಾಡಲು ಜಾಗವೂ ಬೇಕು, ಮೂವತ್ತೆರಡು ಅನ್ನುವ ಹೆಮ್ಮೆಯೂ ಬೇಕು. ಎರಡನ್ನೂ ಕೊಟ್ಟರೆ ಯಾರ ಗಂಟೇನು ಹೋಗುತ್ತದೆ?

ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಅಮ್ಮನಿಗೂ ಸಹ (ಇಲ್ಲ, ಬಿಡು.)

ಅಕ್ಕ


ಜುಲೈ 12

ಅಕ್ಕಾ,

ಮೂರು ಯೂನಿಟ್ ಎಂದಿದ್ದ ಸಾಲನ್ನು ನಾಲ್ಕು ಸಲ ಓದಿದೆ. ಸಿರಿಂಜನ್ನು ಬೆಳಕಿಗೆ ಹಿಡಿದು ಗೆರೆ ನೋಡು. ಒಂದು ಸಲ ಅಲ್ಲ, ಎರಡು ಸಲ. ಗಾಳಿಗುಳ್ಳೆ ಇದ್ದರೆ ಮತ್ತೆ ಎಳೆ. ನಿನ್ನ ಮೇಲೆ ನಂಬಿಕೆ ಇಲ್ಲ ಎಂದಲ್ಲ. ನಂಬಿಕೆ ಇಲ್ಲದಿರುವುದು ನನ್ನ ಮೇಲೆ.

ಬೇರೆ ವಿಷಯ ಬರೆಯಬೇಡ ಎಂದವಳು ನಾನೇ, ಈಗ ನಾನೇ ಬರೆಯುತ್ತಿದ್ದೇನೆ. ಇಲ್ಲಿ ಸಂಜೆ ಆರಕ್ಕೆ ಉಗ್ರಾಣ ಮುಚ್ಚಿದರೆ ಮಾಡಲು ಏನೂ ಇರುವುದಿಲ್ಲ, ತಲೆ ಒಂದೇ ಕಡೆ ಹೋಗುತ್ತದೆ.

ಆರು ವರ್ಷದ ಹಿಂದೆ ಅಮ್ಮ ನಿನ್ನ ಮನೆಯಿಂದ ನನ್ನ ಮನೆಗೆ ಬಂದಾಗ ನೀನು ಕೊಟ್ಟ ಚೀಟಿಯಲ್ಲಿ ಬೆಳಿಗ್ಗೆ ಹದಿನೆಂಟು ಯೂನಿಟ್ ಇನ್ಸುಲಿನ್ ಎಂದಿತ್ತು. ನಾನು ಹದಿನೆಂಟೇ ಎಳೆದೆ. ಎಳೆದೆ ಎಂದೇ ಅಂದುಕೊಂಡಿದ್ದೇನೆ. ಊಟವೂ ನಿನ್ನ ಮನೆಯಲ್ಲಿದ್ದ ಹಾಗೇ ಪಥ್ಯದ ಊಟ, ಸಕ್ಕರೆ ಇಲ್ಲದ ಚಹಾ. ಅವಳು ಮುಖ ಊದಿಸಿಕೊಂಡು ಕೂತಿದ್ದಳು, ನಾನು ಜಗ್ಗಲಿಲ್ಲ. ಎರಡು ದಿನ ಸಕ್ಕರೆ ಇಳಿದದ್ದು ನೋಡಿ ಹೆಮ್ಮೆಪಟ್ಟೆ ಕೂಡ. ಮೂರನೇ ದಿನ ಬಚ್ಚಲಲ್ಲಿ ಬಿದ್ದಳು. ನೋಡಿದರೆ ಮೂವತ್ತೆಂಟಕ್ಕೆ ಇಳಿದಿತ್ತು. ಸೊಂಟದ ಮೂಳೆ ಮುರಿದು ಮಲಗಿದವಳು ಮತ್ತೆ ಏಳಲಿಲ್ಲ.

ಹದಿನಾಲ್ಕು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು. ಎಲ್ಲರಿಗೂ ಸರಿಯಾಗಿ ಕೊಟ್ಟು ಹೆತ್ತ ತಾಯಿಗೆ ತಪ್ಪಿ ಕೊಟ್ಟೆ. ಹದಿನೆಂಟರ ಬದಲು ಇಪ್ಪತ್ತೆಂಟು ಎಳೆದೆನಾ? ಆರು ವರ್ಷದಿಂದ ಅದೇ ಸಿರಿಂಜನ್ನು ಮನಸ್ಸಿನಲ್ಲಿ ಎಳೆದು ನೋಡುತ್ತಿದ್ದೇನೆ, ಗೆರೆ ಕಾಣುವುದೇ ಇಲ್ಲ. ವಾರ್ಡು ಬಿಟ್ಟದ್ದು ಸಂಬಳಕ್ಕಲ್ಲ ಅಕ್ಕಾ. ಈಗ ನಾನು ಔಷಧಿ ಎಣಿಸುತ್ತೇನೆ, ಯಾರಿಗೂ ಕೊಡುವುದಿಲ್ಲ. ದೊರೆಗೆ ಚುಚ್ಚುವಾಗ ಎರಡು ತಿಂಗಳು ದಿನಾ ಬೆವತಿದ್ದೇನೆ. ಈ ಕೆಲಸ ಒಪ್ಪಿಕೊಂಡಿದ್ದರಲ್ಲಿ ಅದೂ ಒಂದು ಕಾರಣ.

ನೀನು ಒಂದು ಸಲವೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ದೊರೆ ನಿನ್ನ ಕೈಯಲ್ಲಿ ಇದ್ದಾನಲ್ಲ, ಅದು ನನಗೆ ದೊಡ್ಡ ಧೈರ್ಯ. ಅಳತೆಯಲ್ಲಿ ನಿನ್ನ ಕೈ ತಪ್ಪುವುದಿಲ್ಲ.

ತಂಗಿ


ಜುಲೈ 21

ಕಡ್ಡೀ,

ನಿನ್ನ ಕಾಗದ ಬಂತು. ಓದಿದೆ. ಅಂಗಡಿ ಮುಚ್ಚಿ ಮೇಲೆ ಹೋಗಿ ಮತ್ತೆ ಓದಿದೆ.

ದೊರೆಯ ಊಟದಲ್ಲಿ ಇನ್ನು ಮೇಲೆ ಒಂದು ಚೂರೂ ಹೆಚ್ಚುಕಡಿಮೆ ಆಗುವುದಿಲ್ಲ. ಇವತ್ತಿನಿಂದ ನೀನು ಹೇಳಿದ ಹಾಗೇ. ಹೆಚ್ಚು ಬರೆಯಲು ಆಗುತ್ತಿಲ್ಲ, ಕೋಟು ಕೊಡಬೇಕಾದ ದಿನ ಹತ್ತಿರ ಬಂದಿದೆ.

ಅಕ್ಕ


ಜುಲೈ 25

ಅಕ್ಕಾ,

ನಿನ್ನೆ ಮಧ್ಯಾಹ್ನ ಮ್ಯಾನೇಜರು ಕರೆದು, "ನಿಮ್ಮ ಅಕ್ಕ ಫೋನ್ ಮಾಡಿದ್ರು. ಕರೀತೀನಿ ಇರಿ ಅಂದೆ, ಏನಿಲ್ಲ ಬಿಡಿ ಅಂತ ಇಟ್ಬಿಟ್ರು" ಅಂದರು. ತಿರುಗಿ ಮಾಡಿದರೆ ನೀನು ಎತ್ತಲಿಲ್ಲ. ಏಳು ಸಲ ಮಾಡಿದೆ. ಎಂಟನೇ ಸಲಕ್ಕೆ ಮ್ಯಾನೇಜರು ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

ಏನಿಲ್ಲ ಎಂದು ಹೇಳಲು ಯಾರೂ ಇಲ್ಲಿಗೆ ಫೋನ್ ಮಾಡುವುದಿಲ್ಲ. ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ, ಕೂತಲ್ಲಿ ಕೂರಲು ಆಗುತ್ತಿಲ್ಲ. ಗಾಡಿ ಹೊರಡುತ್ತಿದೆ, ಇದನ್ನು ಡ್ರೈವರ ಕೈಯಲ್ಲಿ ತುರುಕುತ್ತಿದ್ದೇನೆ. ದೊರೆ ಇದ್ದಾನಾ? ಅಷ್ಟು ಬರಿ.


ಜುಲೈ 26

ಕಡ್ಡೀ,

ದೊರೆ ಬದುಕಿದ್ದಾನೆ. ಮೊದಲು ಅದನ್ನು ಓದಿ ಉಸಿರು ಬಿಡು. ಆಮೇಲೆ ಕೂತುಕೊಂಡು ಉಳಿದದ್ದನ್ನು ಓದು.

ಆ ಚೀಲ ನಾನು ಎಸೆದಿರಲಿಲ್ಲ. ಅವನು ಅಷ್ಟು ಕೂಗಿದ, ಡಬ್ಬಿ ಊಟ ಬಿಟ್ಟು ಎದ್ದ, ಅಮ್ಮನ ಕಾಲು ಸುತ್ತುತ್ತಿದ್ದ ಹಾಗೆ ನನ್ನ ಕಾಲು ಸುತ್ತಿದ. ನಾಲ್ಕನೇ ದಿನ ಒಂದು ಹಿಡಿ ಕಾಳು ಹಾಕಿದೆ. ಪಾಪ, ಅರ್ಧ ಇಂಚು ಅಂದುಕೊಂಡೆ. ಆಮೇಲೆ ದಿನಾ ಮೂರು ಹಿಡಿ. ಚೀಲ ಮುಗಿದಾಗ ಹೊಸದು ತಂದೆ. ಡಾಕ್ಟರಮ್ಮ ಕೇಳಿದಾಗ ಇಲ್ಲ ಎಂದೆ, ನಿನಗೆ ಚಿಂತೆ ಬಿಡು ಎಂದು ಬರೆದೆ.

ನಿನ್ನ ಹನ್ನೆರಡನೇ ತಾರೀಕಿನ ಕಾಗದ ಬಂದ ದಿನ ನನ್ನ ಮೇಲೆ ನನಗೇ ಅಸಹ್ಯವಾಯಿತು. ಚೀಲ ತೆಗೆದುಕೊಂಡು ಹೋಗಿ ಕಸದ ತೊಟ್ಟಿಗೆ ಸುರಿದೆ. ಒಂದು ಕಾಳೂ ಕೊಡಲಿಲ್ಲ. ಇನ್ನು ಸರಿಯಾಗಿ ನಡೆದರೆ ಆಯಿತು, ಆದದ್ದನ್ನು ಯಾರಿಗೂ ಹೇಳಬೇಕಾಗಿಲ್ಲ ಅಂದುಕೊಂಡೆ. ಮಾರನೇ ದಿನದಿಂದ ಮೀಟರಿನ ಅಂಕಿ ಇಳಿಯಿತು. ನೋಡಿ ಹಿಗ್ಗಿದೆ, ನೀನೂ ಹಾಗೇ ಹಿಗ್ಗಿದ್ದೆ ಎಂದು ಬರೆದಿದ್ದೆಯಲ್ಲ, ಹಾಗೇ.

ಇಪ್ಪತ್ನಾಲ್ಕನೇ ತಾರೀಕು ಬೆಳಿಗ್ಗೆ ಅರ್ಧ ಡಬ್ಬಿ ತಿಂದ. ಮೂರು ಯೂನಿಟ್ ಕೊಟ್ಟೆ, ಬೆಳಕಿಗೆ ಹಿಡಿದು ಎರಡು ಸಲ ನೋಡಿಯೇ ಕೊಟ್ಟೆ. ಹನ್ನೊಂದು ಗಂಟೆಗೆ ಮೇಡಂ ಕೋಟು ತೊಟ್ಟು ನೋಡಲು ಬಂದಿದ್ದರು. ಒಂದೇ ತೋಳು ಕೂರಿಸಿದ್ದೆ, ಮೈತುಂಬ ಗುಂಡುಪಿನ್ನು. ದೊರೆ ಮೆಟ್ಟಿಲಿನಿಂದ ಇಳಿದು ಬಂದ, ಕುಡಿದವರ ಹಾಗೆ ತೂರಾಡಿದ, ಗೋಡೆಗೆ ಹೋಗಿ ತಲೆ ತಾಗಿಸಿ ನಿಂತ. ಆಮೇಲೆ ಪಕ್ಕಕ್ಕೆ ಬಿದ್ದು ಕೈಕಾಲು ಅದುರಿಸಲು ಶುರುಮಾಡಿದ. ನಾನು ಟೇಪು ಹಿಡಿದುಕೊಂಡು ನಿಂತೇ ಇದ್ದೆ. ಕಾಜಾದವಳು ಓಡಿಹೋಗಿ ಜೇನುತುಪ್ಪ ತಂದು ಅವನ ವಸಡಿಗೆ ಸವರಿದಳು, ಮೊದಲ ಸಲ ಹೋದಾಗಲೇ ಡಾಕ್ಟರಮ್ಮ ನಮ್ಮಿಬ್ಬರಿಗೂ ಹೇಳಿದ್ದರಂತೆ, ನನಗೆ ನೆನಪೇ ಬರಲಿಲ್ಲ. ಮೇಡಂ ಒಂದು ತೋಳಿನ ಕೋಟಿನಲ್ಲೇ ಕಾರು ಓಡಿಸಿದರು. ಪಿನ್ನು ಚುಚ್ಚಿದಾಗಲೆಲ್ಲ ಅಯ್ಯೋ ಎನ್ನುತ್ತ ಓಡಿಸಿದರು. ಆಸ್ಪತ್ರೆಯಲ್ಲಿ ನೋಡಿದಾಗ 42. ಅಲ್ಲಿಂದಲೇ ನಿನಗೆ ಫೋನ್ ಮಾಡಿದ್ದು. ಮ್ಯಾನೇಜರ ಸ್ವರ ಕೇಳಿದ ಕೂಡಲೇ ನಿನಗೆ ಏನು ಹೇಳಬೇಕಾಗುತ್ತದೆ ಎಂದು ಹೊಳೆದು ಇಟ್ಟುಬಿಟ್ಟೆ.

ಗ್ಲೂಕೋಸ್ ಡ್ರಿಪ್ಪು ಹಾಕಿದ ಮೇಲೆ ಡಾಕ್ಟರಮ್ಮ ಪಕ್ಕದಲ್ಲಿ ಕೂತು, "ಅಮ್ಮಾ, ಈಗ್ಲಾದ್ರೂ ಹೇಳಿ" ಅಂದರು. ಹೇಳಿದೆ. ಅವರು ಬಯ್ಯಲಿಲ್ಲ. "ಕಾಳು ಕೊಟ್ಟಿದ್ದು ತಪ್ಪು, ಆದ್ರೆ ಅದಕ್ಕೆ ಹೀಗಾಗ್ಲಿಲ್ಲ. ಹೇಳ್ದೇನೇ ನಿಲ್ಸಿದ್ರಲ್ಲ, ಅದಕ್ಕೆ ಆಯ್ತು. ನಾನು ಮೂರು ಯೂನಿಟ್ ಬರೆದಿದ್ದೇ ಆ ಕಾಳಿನ ಲೆಕ್ಕಕ್ಕೆ, ನನಗೆ ಗೊತ್ತಿಲ್ಲದೇನೇ. ಕಾಳು ಹೋಯ್ತು, ಔಷಧಿ ಅಷ್ಟೇ ಉಳೀತು. ನೀವು ಸರಿಯಾಗಿ ಊಟ ಹಾಕೋಕೆ ಶುರು ಮಾಡಿದ ದಿನಾನೇ ಡೋಸು ಜಾಸ್ತಿ ಆಗೋಯ್ತು" ಅಂದರು.

ಅವರು ಬೆಕ್ಕಿನ ವಿಷಯ ಹೇಳುತ್ತಿದ್ದರು. ನನಗೆ ಅಮ್ಮ ಕಂಡಳು.

ಕಡ್ಡೀ, ನನ್ನ ಮನೆಯಲ್ಲಿ ಅಮ್ಮ ಪಥ್ಯ ಮಾಡುತ್ತಿರಲಿಲ್ಲ. ನಾನೇ ಅವಳಿಗೆ ಸಕ್ಕರೆ ಹಾಕಿ ಚಹಾ ಕೊಡುತ್ತಿದ್ದೆ, ಕ್ರೀಮ್ ಬಿಸ್ಕತ್ತು ಕೊಡುತ್ತಿದ್ದೆ. ಡಾಕ್ಟರು ಹದಿನೆಂಟು ಯೂನಿಟ್ ಬರೆದದ್ದು ಆ ಚಹಾ ಕುಡಿಯುವ ಅಮ್ಮನಿಗೆ. ಆ ಚೀಟಿಯನ್ನು ನಿನ್ನ ಕೈಗೆ ಕೊಟ್ಟೆ, ಚಹಾದ ಮಾತು ಎತ್ತಲಿಲ್ಲ. ನೀನು ಚಹಾಕ್ಕೆ ಸಕ್ಕರೆ ನಿಲ್ಲಿಸಿ, ಔಷಧಿ ಚೀಟಿಯಲ್ಲಿದ್ದಷ್ಟೇ ಕೊಟ್ಟೆ. ನೀನು ಎಳೆದದ್ದು ಹದಿನೆಂಟೇ. ನಿನ್ನ ಕೈ ತಪ್ಪಲಿಲ್ಲ.

ಇದು ನನಗೆ ಮೊನ್ನೆ ತನಕ ಗೊತ್ತಿರಲಿಲ್ಲ ಎಂದು ಬರೆದು ಹೊಡೆದುಹಾಕಿದೆ. ಪೂರ್ತಿ ಗೊತ್ತಿರಲಿಲ್ಲ ಅಷ್ಟೆ. ಅಮ್ಮ ಬಿದ್ದ ದಿನ ಆಸ್ಪತ್ರೆಯಲ್ಲಿ, "ಮನೇಲಿ ಏನೇನು ತಿಂತಿದ್ರು?" ಎಂದು ಕೇಳಿದಾಗ ನೀನು ಪಕ್ಕದಲ್ಲೇ ನಿಂತಿದ್ದೆ. ನಾನು "ಪಥ್ಯ ಡಾಕ್ಟ್ರೇ" ಅಂದೆ. ಯಾಕೆ ಹಾಗೆ ಅಂದೆ? ಒಳಗೆಲ್ಲೋ ಗೊತ್ತಿದ್ದದ್ದಕ್ಕೇ ಅಂದೆ. ನಿನ್ನನ್ನು ಬಯ್ಯದೆ ಇದ್ದದ್ದೂ ಅದಕ್ಕೇ. ನೀನು ಅದನ್ನು ನನ್ನ ದೊಡ್ಡತನ ಅಂದುಕೊಂಡೆ. ನೀನು ವಾರ್ಡು ಬಿಟ್ಟದ್ದು ಇದಕ್ಕೆ ಎಂದು ಮಾತ್ರ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ದೊರೆಗೆ ಈಗ ಡಬ್ಬಿ ಊಟ ಮಾತ್ರ, ಒಂದೇ ಯೂನಿಟ್, ದಿನ ಬಿಟ್ಟು ದಿನ ಡಾಕ್ಟರಮ್ಮನ ಬಳಿ.

ನಿನ್ನ ಅಕ್ಕ ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತಿದೆ. ಆದರೂ,

ಅಕ್ಕ


ಆಗಸ್ಟ್ 5

ಕಡ್ಡೀ,

188. 170. 176. ಡಬ್ಬಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ಬೆಚ್ಚಗೆ ಮಾಡಿ ಹಾಕಿದರೆ ಪೂರ್ತಿ ತಿನ್ನುತ್ತಾನೆ. ಅಷ್ಟು ಸಣ್ಣ ವಿಷಯ. ಮೊದಲೇ ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು.

ಗಾಡಿ ಬಂದು ಹೋಗಿರಬೇಕು.

ಅಕ್ಕ


ಆಗಸ್ಟ್ 14

164. 151. ಹಿಮ್ಮಡಿ ಎತ್ತಿ ಮೊದಲಿನಂತೆ ನಡೆಯುತ್ತಿದ್ದಾನೆ. ನಿನ್ನೆ ಕಟಿಂಗ್ ಮೇಜಿನ ಮೇಲಕ್ಕೆ ಹಾರಿದ.

ಟಪಾಲಿನವರು ಬೀದಿಯ ತುದಿಗೆ ಬಂದರೆ ಮೆಷಿನು ನಿಲ್ಲಿಸಿ ಬಾಗಿಲಿಗೆ ಹೋಗುತ್ತೇನೆ. ಅವರು ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾರೆ. ಮೇಡಂ ಕೋಟು ಇನ್ನೂ ಮುಗಿದಿಲ್ಲ. ಬಯ್ಯಲಾದರೂ ಬರಿ.

ಅಕ್ಕ


ಆಗಸ್ಟ್ 22

ಅಕ್ಕಾ,

ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಹರಿದೆ. ಅದರಲ್ಲಿ ಇದ್ದದ್ದನ್ನು ನೀನು ಓದದಿರುವುದೇ ಒಳ್ಳೆಯದು. ಒಂದರಲ್ಲಿ ದೊರೆಯನ್ನು ಈಗಲೇ ಬೇರೆ ಯಾರಿಗಾದರೂ ಕೊಟ್ಟುಬಿಡು ಎಂದು ಬರೆದಿದ್ದೆ. ಅವತ್ತು ಗಾಡಿ ಬರಲಿಲ್ಲ, ದಾರಿ ಕುಸಿದಿತ್ತು. ದೊರೆಯ ಅದೃಷ್ಟ.

ಆರು ವರ್ಷ ಅಕ್ಕಾ. ನೀನು ಒಂದು ಮಾತು ಹೇಳಬೇಕಿತ್ತು, ಒಂದೇ ಒಂದು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಬರೆದರೆ ಅದೂ ಅರ್ಧ ಇಂಚಿನ ಸುಳ್ಳೇ.

ಹೋದ ವಾರ ಇಲ್ಲಿನ ನರ್ಸಿಗೆ ಜ್ವರ. ಯಂತ್ರದ ಆಪರೇಟರೊಬ್ಬರು ಇನ್ಸುಲಿನ್ ತೆಗೆದುಕೊಳ್ಳುವವರು, ಕಣ್ಣು ಮಂಜು, ತಾವೇ ಎಳೆದುಕೊಳ್ಳಲಾರರು. ನನ್ನ ಕಿಟಕಿಯ ಮುಂದೆ ಅಂಗಿಯ ತೋಳು ಮಡಚಿ ನಿಂತರು. ಊಟಕ್ಕೆ ಏನು ತಿಂದಿರಿ, ನಿಜ ಹೇಳಿ ಎಂದು ಮೂರು ಸಲ ಕೇಳಿದೆ. "ಏನಮ್ಮಾ, ಪೊಲೀಸ್ ತರ ಕೇಳ್ತೀರಲ್ಲ" ಎಂದು ನಕ್ಕರು. ಆಮೇಲೆ ಸಿರಿಂಜು ಎತ್ತಿ ಬೆಳಕಿಗೆ ಹಿಡಿದೆ. ಗೆರೆ ಕಂಡಿತು. ಹನ್ನೆರಡು ಎಂದರೆ ಹನ್ನೆರಡು. ಚುಚ್ಚಿ ಬಂದು ಪೆಟ್ಟಿಗೆಯ ಮೇಲೆ ಕೂತು ಬಹಳ ಹೊತ್ತು ಅತ್ತೆ.

ಒಂದು ಕೇಳುತ್ತೇನೆ. ಅಮ್ಮ ನನ್ನ ಮನೆಯಲ್ಲಿದ್ದ ಮೂರು ದಿನವೂ ಮುಖ ಊದಿಸಿಕೊಂಡೇ ಇದ್ದಳು. ಆಮೇಲೆ ಬರೀ ನೋವು. ನನಗೆ ನೆನಪಿರುವ ಅಮ್ಮ ಅವಳೇ. ನಿನ್ನ ಹತ್ತಿರ ಆ ಚಹಾ ಕುಡಿಯುವಾಗ ಹೇಗಿರುತ್ತಿದ್ದಳು? ಎಷ್ಟು ಚಮಚ ಹಾಕುತ್ತಿದ್ದೆ? ಏನು ಮಾತಾಡುತ್ತಿದ್ದಳು? ಎಲ್ಲ ಬರಿ. ನನಗೆ ಹಿತವಾಗಲಿ ಎಂದು ಒಂದಿಷ್ಟೂ ಸೇರಿಸಬೇಡ, ತೆಗೆಯಲೂಬೇಡ.

ತಂಗಿ


ಆಗಸ್ಟ್ 31

ಕಡ್ಡೀ,

ಮೊದಲು ದೊರೆ. 128. ಹೀಗೇ ಇದ್ದರೆ ಮುಂದಿನ ತಿಂಗಳು ಸೂಜಿಯನ್ನೇ ನಿಲ್ಲಿಸಿ ನೋಡೋಣ ಅಂದಿದ್ದಾರೆ ಡಾಕ್ಟರಮ್ಮ. ನಾನು ಪ್ರತಿ ತುತ್ತನ್ನೂ ಅವರಿಗೆ ವರದಿ ಮಾಡುತ್ತೇನೆ, ಅವರಿಗೆ ಬೇಜಾರು ಬಂದಿದೆ. ಮೇಡಂಗೆ ಸೊಂಟ ಮೂವತ್ತೆರಡೂವರೆ ಎಂದು ಎದುರಿಗೇ ಹೇಳಿದೆ. ಒಂದು ವಾರ ಮಾತು ಬಿಟ್ಟಿದ್ದರು. ಮೊನ್ನೆ ಬಂದು ಕೋಟು ತೊಟ್ಟು ಹೋದರು.

ಈಗ ನೀನು ಕೇಳಿದ್ದು. ದಿನಕ್ಕೆ ನಾಲ್ಕು ಲೋಟ. ಲೋಟಕ್ಕೆ ಎರಡು ಚಮಚ, ಸಂಜೆಯದಕ್ಕೆ ಎರಡೂವರೆ. ಬಿಸ್ಕತ್ತು ಎರಡು, ಒಂದೊಂದು ದಿನ ಮೂರು. ನನ್ನ ಮೆಷಿನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕುಡಿಯುತ್ತಿದ್ದಳು, ದೊರೆ ಮಡಿಲಲ್ಲಿ. ಬಿಸ್ಕತ್ತನ್ನು ಎರಡು ಹೋಳು ಮಾಡಿ ಕ್ರೀಮ್ ಇರುವ ಕಡೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಗಿರಾಕಿಗಳ ನಡಿಗೆ ಅಣಕಿಸುತ್ತಿದ್ದಳು, ನಾನು ನಕ್ಕು ಹೊಲಿಗೆ ಸೊಟ್ಟ ಮಾಡಿಕೊಳ್ಳುತ್ತಿದ್ದೆ. ಒಂದೊಂದು ದಿನ ಸಿಡುಕುತ್ತಿದ್ದಳು, ಕಾಲು ಉರಿ ಎನ್ನುತ್ತಿದ್ದಳು, ಅವತ್ತು ಏನು ಕೊಟ್ಟರೂ ಸಮಾಧಾನ ಇರುತ್ತಿರಲಿಲ್ಲ. ಆದರೆ ಹೆಚ್ಚಿನ ದಿನ ಖುಷಿಯಾಗಿಯೇ ಇದ್ದಳು. ನಿನ್ನ ವಿಷಯ ದಿನಾ ಮಾತಾಡುತ್ತಿದ್ದಳು. ನರ್ಸಮ್ಮನ ತಾಯಿ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಇನ್ನೊಂದು ಉಳಿದಿದೆ. ಪ್ರತಿ ಸಲ ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ನನ್ನ ಕೈ ಹಿಡಿದು ಒಂದು ಮಾತು ಹೇಳುತ್ತಿದ್ದಳು. ನಾನೂ ಹೂಂ ಅನ್ನುತ್ತಿದ್ದೆ, ಆಣೆ ಮಾಡಿದ ಹಾಗೆ. ಆ ಹೂಂ ಇಷ್ಟು ವರ್ಷ ನನ್ನ ಬಾಯಿ ಕಟ್ಟಿತು ಎಂದು ನೆಪ ಹೇಳುವುದಿಲ್ಲ. ನೀನು ಎಲ್ಲ ಬರಿ ಎಂದದ್ದಕ್ಕೆ ಬರೆಯುತ್ತಿದ್ದೇನೆ.

"ಕಡ್ಡಿಗೆ ಹೇಳ್ಬೇಡ ಕಣೆ. ಪಾಪ, ಹೆದರ್ಕೋತಾಳೆ."

ಅಕ್ಕ